ಒಳಗಾಜಿನ ಪಸೆ

ಹೋದ ವಾರ ಒಬ್ಬರು ಹಳೆಯ ಕಾರಿನ ಬಾಗಿಲಿನ ಗಾಜನ್ನು ಪಂಚೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ನನ್ನ ಅಂಗಡಿಗೆ ಬಂದರು. ಕುಂದಾಪುರದ ಮೀನು ಮಾರ್ಕೆಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಗಾಜಿನ ಅಂಗಡಿ. ದೇವರ ಪಟಕ್ಕೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೊಯ್ದು ಕೊಡುವುದು, ಕ್ಷೌರದಂಗಡಿಗೆ ಕನ್ನಡಿ ಕೂರಿಸುವುದು, ಇಷ್ಟೇ ಕೆಲಸ. ಬಂದವರು ಗಾಜನ್ನು ಮೇಜಿನ ಮೇಲೆ ಮಲಗಿಸಿ, ಒಳಮೈಗೆ ಮಬ್ಬು ಹಿಡಿದಿದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ, ಪಾಲಿಶ್ ಮಾಡಿ ಕೊಡಲು ಆಗುತ್ತದೆಯೋ ಎಂದು ಕೇಳಿದರು. ನಾನು ಬೆರಳು ಎಳೆದೆ. ಕಂದು ಬಣ್ಣ ಬಂತು. ಮೂಗಿನ ಹತ್ತಿರ ಹಿಡಿದೆ. ಸಿಗರೇಟು. ಗಾಜಿಗೇನೂ ಆಗಿಲ್ಲ, ಒಳಗೆ ಕೂತು ಯಾರೋ ವರ್ಷಗಟ್ಟಲೆ ಹೊಗೆ ಬಿಟ್ಟಿದ್ದಾರೆ, ಸೋಪಿನ ನೀರಲ್ಲಿ ಎರಡು ಸಲ ತೊಳೆಯಿರಿ ಎಂದೆ. ಅವರು ಖುಷಿಯಾಗಿ ಹೋದರು. ನಾನು ಮಾತ್ರ ಹಾಗೇ ಕೂತುಬಿಟ್ಟೆ. ಎಲ್ಲರ ಗಾಜಿನ ಮಬ್ಬೂ ಹೀಗೆ ಒಂದು ಬೆರಳಿಗೆ ಉತ್ತರ ಹೇಳಿದ್ದರೆ ನನ್ನ ಒಂದು ಮಳೆಗಾಲ ಉಳಿಯುತ್ತಿತ್ತು. ಆ ಮಳೆಗಾಲವನ್ನು ನೆನೆಸಿಕೊಂಡರೆ ಇವತ್ತಿಗೂ ತೋಳು ನೋಯುತ್ತದೆ.

ಮಹಾಬಲ ಎಂದು ನನ್ನ ಅಕ್ಕನ ಗಂಡ. ನಾವು ಕರೆಯುವುದು ಮಾಬ್ಲ ಭಾವ, ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಮರವಂತೆಯವರು. ಕಡಲಿಗೆ ಹೋಗುವ ಮನೆತನ, ಅಪ್ಪ ಅಜ್ಜ ಎಲ್ಲ ದೋಣಿಯವರೇ. ಆದರೆ ಭಾವನಿಗೆ ಮಾತ್ರ ಕಡಲು ಒಗ್ಗಲಿಲ್ಲ. ದೋಣಿ ಹತ್ತಿದರೆ ವಾಂತಿ. ಮೀನು ಹಿಡಿಯುವುದಕ್ಕಿಂತ ಮೀನಿಗೆ ಊಟ ಹಾಕುವುದೇ ಹೆಚ್ಚಾಯಿತು ಎಂದು ಅವರ ಅಪ್ಪ ಎಲ್ಲರೆದುರು ಹೇಳುತ್ತಿದ್ದರಂತೆ. ಹಾಗೆ ಮುಂಬಯಿಗೆ ಹೋಗಿ, ಟ್ಯಾಕ್ಸಿ ಓಡಿಸಿ, ಬಹಳ ವರ್ಷ ದುಡಿದು, ಕೊನೆಗೊಂದು ಬಿಳಿ ಅಂಬಾಸಿಡರ್ ಕಾರು ತೆಗೆದುಕೊಂಡು ಊರಿಗೆ ಬಂದರು. ನೆಲದ ಮೇಲೆ ತನ್ನಂಥ ದೋಣಿ ಬಿಡುವವ ಇನ್ನೊಬ್ಬ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಹೊಸ ಕಾರುಗಳು ಬಂದ ಮೇಲೆ ಬಾಡಿಗೆ ಕಡಿಮೆಯಾಯಿತು. ಆಮೇಲೆ ಅದೇ ಕಾರು ಹಳೆಯದಾದದ್ದಕ್ಕೇ ಮತ್ತೆ ಬೇಕಾಯಿತು. ಈಗ ಮದುಮಕ್ಕಳಿಗೆ ಅಂಬಾಸಿಡರಿನಲ್ಲೇ ಬರಬೇಕು, ಫೋಟೊ ತೆಗೆಸಬೇಕು. ಕೊಕ್ಕರ್ಣೆಯ ಮದುವೆಗೂ ಮಾಬ್ಲ ಭಾವ, ಅಮಾಸೆಬೈಲಿನ ಮದುವೆಗೂ ಮಾಬ್ಲ ಭಾವ. ಬಿಳಿ ಶರ್ಟು ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿ ಸ್ಟೇರಿಂಗಿನ ಹಿಂದೆ ಕೂತರೆ ಮದುಮಗನಿಗಿಂತ ಇವರದೇ ಗತ್ತು.

ಆ ವರ್ಷ ಬೇಸಗೆಯ ಕೊನೆಗೆ ಅಕ್ಕ ಮುಂಬಯಿಗೆ ಹೊರಟಳು. ಮಗಳ ಹೆರಿಗೆ, ಬಾಣಂತನ ಮುಗಿಸಿಯೇ ಬರುವುದು. ಬಿಡಲಿಕ್ಕೆ ಬೈಂದೂರು ರೈಲ್ವೆ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಭಾವ ನೀರಿನ ಬಾಟ್ಲಿ ತರಲು ಹೋದಾಗ ಅಕ್ಕ ನನ್ನ ರಟ್ಟೆ ಹಿಡಿದು ಕಂಬದ ಬದಿಗೆ ಎಳೆದಳು.

"ತಮ್ಮ, ಇವ್ರ ಕಣ್ಣ್ ಸಮ ಇಲ್ಲ. ಕೇಂಡ್ರೆ ಒಪ್ಪುದಿಲ್ಲ. ನೀ ಒಂಚೂರ್ ಕಾಣ್. ಆಪುದಲ್ಲ ಅಂದ್ ಕಂಡ್ರೆ ಕೀ ತೆಗ್ದಿಡ್."

ಏನಾಯಿತು ಎಂದು ಕೇಳಿದೆ. ತ್ರಾಸಿಯ ಹತ್ತಿರ ಒಂದು ಸಂಜೆ ರಸ್ತೆ ಬದಿ ನಿಲ್ಲಿಸಿದ ಟೆಂಪೋಕ್ಕೆ ಸವರಿಕೊಂಡೇ ಹೋದರಂತೆ. ಕೇಳಿದರೆ ಟೆಂಪೋದವ ನಿಲ್ಲಿಸಿದ್ದೇ ಅಡ್ಡ ಎಂದರಂತೆ. ರೈಲು ಬಂತು, ಮಾತು ಅಲ್ಲಿಗೆ ನಿಂತಿತು. ಅಕ್ಕ ಹತ್ತಿ ಕೂತಳು, ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ನನಗೆ ಕೊಟ್ಟ ಕೆಲಸ ಎಂಥದ್ದು ಎಂದು ತಿಳಿದದ್ದು ರೈಲು ಹೋದ ಮೇಲೆ. ದೋಣಿಯಿಂದ ಇಳಿಸಲ್ಪಟ್ಟ ಮನುಷ್ಯನನ್ನು ಈಗ ಕಾರಿನಿಂದಲೂ ಇಳಿಸುವುದು ಹೇಗೆ? ಅದೂ ನಾನು, ಅವರ ಹೆಂಡತಿಯ ತಮ್ಮ, ಅವರ ಪಕ್ಕದ ಸೀಟಿನಲ್ಲೇ ಕೂತು ಊರಿಗೆ ವಾಪಸು ಬರಬೇಕಾದವ.

ಮಳೆ ಹಿಡಿಯಿತು. ಹಿಡಿದು ಒಂದೆರಡು ವಾರವಾಗಿರಬೇಕು, ಭಾವ ಕಾರನ್ನು ಅಂಗಡಿಯ ಮುಂದೆಯೇ ತಂದು ನಿಲ್ಲಿಸಿದರು. ಕೊಡೆ ಮಡಚುತ್ತ ಒಳಗೆ ಬಂದು, ನೀ ಗಾಜಿನವ ಅಲ್ಲವಾ, ಬಾ ಎಂದರು.

"ಈ ಗಾಜಿಗ್ ಎಂತ ಆಯ್ತ್ ಅಂದ್ ಕಾಣ್ ಕಾಂಬ, ಭಾವ. ಒರ್ಸ್ದಷ್ಟೂ ಬತ್ತಿತ್."

ನಾನು ಒಳಗೆ ಕೂತು ನೋಡಿದೆ. ಎದುರಿನ ಗಾಜಿನ ಒಳಮೈಗೆ ಒಂದು ಪಸೆ. ಗಂಜಿ ಆರಿದಾಗ ಮೇಲೆ ಕಟ್ಟುವ ತೆಳು ಕೆನೆಯಂಥದ್ದು, ಸ್ವಲ್ಪ ನೀಲಿ ಛಾಯೆ. ಬೆರಳು ಎಳೆದರೆ ಗೆರೆ ನಿಲ್ಲುತ್ತದೆ, ಬಟ್ಟೆ ಎಳೆದರೆ ಇಲ್ಲಿಯದು ಅಲ್ಲಿಗೆ ಹೋಗುತ್ತದೆ. ಬಾಗಿಲಿನ ಗಾಜುಗಳಿಗೂ, ಹಿಂದಿನ ಗಾಜಿಗೂ ಅದೇ. ಸಂಜೆಯ ಹೊತ್ತಿಗೆ ಒಮ್ಮೆ ಅವರ ಜೊತೆ ಸೇತುವೆ ದಾಟಿ ಬಂದೆ. ಎದುರಿನಿಂದ ಬಂದ ಪ್ರತಿಯೊಂದು ದೀಪವೂ ಹೊಂಬಾಳೆ ಒಡೆದ ಹಾಗೆ ಗಾಜಿನ ತುಂಬ ಬಿಚ್ಚಿಕೊಳ್ಳುತ್ತಿತ್ತು. ನನಗೇ ರಸ್ತೆ ಕಾಣಲಿಲ್ಲ.

ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ಊಟಕ್ಕೆ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ಕಣ್ಣಲ್ಲ ಅಕ್ಕ, ಗಾಜು, ನಾನೇ ಕೂತು ನೋಡಿದೆ ಎಂದೆ. ಆ ಕಡೆ ಕೂಸು ಅಳುತ್ತಿತ್ತು. ಅಕ್ಕ ಅದನ್ನು ಹೆಗಲಿಗೆ ಹಾಕಿಕೊಂಡಿರಬೇಕು, ಅಳು ತಗ್ಗಿತು.

"ನಾ ಹೊರ್ಡುವತಿಗೆ ಗಾಜ್ ಲಾಯ್ಕ್ ಇದ್ದಿತ್ತಲ್ದಾ?" ಎಂದಳು.

ಇದ್ದಿರಬಹುದು, ನೀನು ಸರಿಯಾಗಿ ನೋಡಿರಲಿಕ್ಕಿಲ್ಲ ಎಂದೆ. ಆಯ್ತು, ಒರೆಸಿ ನೋಡು ಎಂದು ಫೋನ್ ಇಟ್ಟಳು.

ಒರೆಸಿದೆ. ಆ ಮಳೆಗಾಲ ನಾನು ಮಾಡಿದ್ದು ಅದೊಂದೇ. ಪೇಪರ್ ಒದ್ದೆ ಮಾಡಿ ಒರೆಸಿದೆ, ಸೋಪು ಹಾಕಿ ಒರೆಸಿದೆ, ಅಂಗಡಿಯಲ್ಲಿ ಕನ್ನಡಿ ಒರೆಸುವ ನೀಲಿ ನೀರಿನಿಂದ ಒರೆಸಿದೆ. ಒರೆಸಿದ ದಿನ ಪರವಾಗಿಲ್ಲ ಎನಿಸುತ್ತಿತ್ತು. ಎರಡು ದಿನಕ್ಕೆ ಮತ್ತೆ ಅದೇ ಕೆನೆ. ಹೊರಗಿನಿಂದ ಮಳೆ, ಒಳಗಿನಿಂದ ಇದು. ಅಂಬಾಸಿಡರಿನ ಹಿಂದಿನ ಗಾಜು ಒರೆಸುವುದೆಂದರೆ ಹಿಂದಿನ ಸೀಟಿನ ಮೇಲೆ ಮೊಣಕಾಲು ಊರಿ, ತಲೆಯನ್ನು ಕಾರಿನ ಚಾವಣಿಗೆ ತಾಗಿಸಿ, ಕೈಯನ್ನು ಹಿಂದು ಮುಂದಾಗಿ ತಿರುಚಿ ಮಾಡಬೇಕಾದ ಕೆಲಸ. ಐವತ್ತು ದಾಟಿದವನ ಸೊಂಟಕ್ಕೆ ಹೇಳಿ ಮಾಡಿಸಿದ್ದಲ್ಲ.

ಟ್ಯಾಕ್ಸಿ ಸ್ಟ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಒಬ್ಬರು ತಂಬಾಕಿನ ಎಲೆ ಉಜ್ಜಲು ಹೇಳಿದರು. ಅದು ಮಳೆನೀರು ಜಾರಲು ಹೊರಗೆ ಉಜ್ಜುವುದಲ್ಲವೇ ಎಂದರೆ, ಹೊರಗೆ ಆಗುವುದು ಒಳಗೂ ಆಗುತ್ತದೆ ಎಂದರು. ಉಜ್ಜಿದೆವು. ಭಾವನಿಗೆ ಸೀನು ಬಂತೇ ಹೊರತು ಗಾಜಿಗೆ ಏನೂ ಆಗಲಿಲ್ಲ. ಇನ್ನೊಬ್ಬರು ಟೂತ್‌ಪೇಸ್ಟ್ ಎಂದರು. ಮತ್ತೊಬ್ಬರು ಸೀಮೆಎಣ್ಣೆ ಎಂದರು, ಅದನ್ನೂ ಕೇಳಿದೆವು. ಸೀಮೆಎಣ್ಣೆ ಹಾಕಿದ ದಿನ ಗಾಜು ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿತು, ಮರವಂತೆಯವರೆಗೆ ಭಾವ ತಲೆಯನ್ನು ಹೊರಗೆ ಹಾಕಿ ಮಳೆಯಲ್ಲಿ ನೆನೆಯುತ್ತ ಕಾರು ಬಿಟ್ಟರು. ಮರುದಿನ ಸ್ಟ್ಯಾಂಡಿನಲ್ಲಿ ಒಬ್ಬ ಎಲ್ಲರಿಗೂ ಕೇಳುವ ಹಾಗೆ, "ಹ್ವಾಯ್ ಮಾಬ್ಲಣ್ಣ, ಗಾಜ್ ಒರ್ಸುಕೇ ಒಂದ್ ಜನ ಇಟ್ಕಣಿ" ಎಂದ. ಇಟ್ಟುಕೊಂಡಾಗಿದೆ, ಸಂಬಳ ಇಲ್ಲ, ಚಾ ಮಾತ್ರ ಎಂದು ಭಾವ ನನ್ನ ಕಡೆ ತೋರಿಸಿದರು.

ಒರೆಸಿ ಸೋತ ಮೇಲೆ ಅದು ಎಲ್ಲಿಂದ ಬರುತ್ತದೆ ಎಂದು ಹುಡುಕಲು ಹೊರಟೆವು. ಮೊದಲಿಗೆ ಬೆವರು ಎಂದುಕೊಂಡೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ನಾಲ್ಕು ಜನ ಕೂತರೆ ಉಸಿರೇ ಗಾಜಿಗೆ ಕಟ್ಟುತ್ತದೆ. ಆದರೆ ಆ ಮಬ್ಬು ಕಿಟಕಿ ಇಳಿಸಿದರೆ ಹೋಗುತ್ತದೆ, ಇದು ಹೋಗದು. ಆಮೇಲೆ ಊದುಬತ್ತಿಯ ಮೇಲೆ ಅನುಮಾನ ಬಂತು. ಮೀಟರಿನ ಪಕ್ಕ ಒಂದು ಸಣ್ಣ ಗಣಪತಿ, ಬೆಳಿಗ್ಗೆ ಎದ್ದು ಭಾವ ಅಲ್ಲಿ ಎರಡು ಕಡ್ಡಿ ಹಚ್ಚದೆ ಕೀ ತಿರುಗಿಸುವವರಲ್ಲ. ಒಂದು ವಾರ ಹಚ್ಚಬೇಡಿ ಎಂದೆ. ಅವರಿಗೆ ಮನಸ್ಸಿರಲಿಲ್ಲ, ಗಣಪತಿಗೆ ಕೈ ಮುಗಿದು, ಗಾಜಿನ ಸಲುವಾಗಿ ಎಂದು ಹೇಳಿ ನಿಲ್ಲಿಸಿದರು. ಪಸೆ ನಿಲ್ಲಲಿಲ್ಲ. ಗಣಪತಿಗೆ ಮತ್ತೆ ಎರಡರ ಬದಲು ನಾಲ್ಕು ಕಡ್ಡಿ ಬಂತು.

ಎಂಜಿನ್ ಹೊಗೆ ಇರಬಹುದು ಎಂದು ಮೆಕ್ಯಾನಿಕ್ ಹೇಳಿದ. ಎಂಜಿನ್ನಿನ ಕಡೆಯಿಂದ ತಂತಿಗಳು ಒಳಗೆ ಬರುವ ತೂತುಗಳಿಗೆಲ್ಲ ರಬ್ಬರ್ ತುರುಕಿ ಮುಚ್ಚಿ ಕೊಟ್ಟ. ಅದಾದ ಮೇಲೆ ಒಂದು ದೊಡ್ಡ ಮಳೆ ಬಂತು. ಮರವಂತೆಯಲ್ಲಿ ಕಡಲು ಕಲ್ಲಿನ ದಂಡೆಯನ್ನು ಹಾರಿ ತೆಂಗಿನ ಬುಡಕ್ಕೆ ಬಂದು ಹೋಗುತ್ತಿತ್ತು, ಹೆದ್ದಾರಿಯ ಈಚೆ ಹೊಳೆಯೂ ತುಂಬಿ ನಿಂತಿತ್ತು. ಮೂರು ದಿನ ಕಾರು ಅಂಗಳದ ಚಪ್ಪರದಿಂದ ಹೊರಡಲೇ ಇಲ್ಲ. ಆ ಮಳೆಯ ಹಿಂದಿನ ದಿನ ನಾನು ಗಾಜನ್ನು ಶುದ್ಧವಾಗಿ ಒರೆಸಿ ಬಂದಿದ್ದೆ. ನಾಲ್ಕನೆಯ ದಿನ ಹೋಗಿ ನೋಡಿದರೆ ಪಸೆ ಅಷ್ಟೇ ದಪ್ಪಕ್ಕೆ ಕೂತಿದೆ. ಕೀ ಹಾಕದ ಎಂಜಿನ್ನಿಗೆ ಹೊಗೆ ಎಲ್ಲಿಯದು? ಕಾರು ನಿಂತಲ್ಲೇ, ಬಾಗಿಲು ಮುಚ್ಚಿದಲ್ಲೇ, ಒಳಗೇ ಏನೋ ಉಸಿರಾಡುತ್ತಿದೆ ಎಂದು ಅವತ್ತು ಗೊತ್ತಾಯಿತು.

ಹಾಗಾದರೆ ಸೀಟು. ಬೇಸಗೆಯಲ್ಲಿ ಬ್ರಹ್ಮಾವರದಲ್ಲಿ ಹೊಸ ರೆಕ್ಸಿನ್ ಹಾಕಿಸಿದ್ದರು, ಹೊಸ ರೆಕ್ಸಿನ್ ಬಿಸಿಲಿಗೆ ಬೆವರುತ್ತದೆ ಎಂದು ಎಲ್ಲೋ ಕೇಳಿದ್ದೆ. ಇಬ್ಬರೂ ಬ್ರಹ್ಮಾವರಕ್ಕೆ ಹೋದೆವು. ಆ ಅಂಗಡಿಯವರು ಗಮ್ ಹಚ್ಚುತ್ತಿದ್ದ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನಮ್ಮ ಮಾತು ಕೇಳಿದರು.

"ನನ್ ರೆಕ್ಸಿನ್ ಬೆಗರುದಿಲ್ಲ ಮಾರಾಯ್ರೆ. ಬೆಗರುದ್ ನಾನ್, ನಿಮ್ಮಂಥ ಗಿರಾಕಿ ಬಂದ್ರೆ."

ಆದರೂ ಮನುಷ್ಯ ಒಳ್ಳೆಯವರು. ಅದೇ ರೆಕ್ಸಿನ್ನಿನ ಒಂದು ತುಂಡು ಕತ್ತರಿಸಿ ಕೊಟ್ಟು, ನಿಮಗೇ ಬೇಕಾದರೆ ನೋಡಿಕೊಳ್ಳಿ ಎಂದರು. ನಾನು ಅದನ್ನು ಒಂದು ಗಾಜಿನ ಬಾಟ್ಲಿಗೆ ಹಾಕಿ, ಮುಚ್ಚಳ ಬಿಗಿದು, ಮಳೆ ಬಿಟ್ಟಾಗಲೆಲ್ಲ ಅಂಗಡಿಯ ಮೆಟ್ಟಿಲಲ್ಲಿ ಬಿಸಿಲಿಗೆ ಇಟ್ಟೆ. ಮಾರ್ಕೆಟಿಗೆ ಹೋಗುವ ಹೆಂಗಸರು ಇದು ಯಾವ ಉಪ್ಪಿನಕಾಯಿ ಎಂದು ಕೇಳಿದರು. ವಾರ ಕಳೆದರೂ ಬಾಟ್ಲಿ ಹಾಗೇ ಇತ್ತು, ಒಳಮೈ ಒಣ ಒಣ. ರೆಕ್ಸಿನ್ ತಪ್ಪಿತಸ್ಥನಲ್ಲ. ನನಗೆ ಮಾತ್ರ ಸಾಕಾಗಿಹೋಗಿತ್ತು. ಬಾಟ್ಲಿಯನ್ನು ಅಲ್ಲೇ ಒಂದು ಮೂಲೆಗೆ ಒತ್ತಿ, ಇನ್ನು ಏನೂ ಹುಡುಕುವುದಿಲ್ಲ, ಒರೆಸುತ್ತ ಇರುವುದು ಎಂದುಕೊಂಡೆ.

ಭಾವ ನಡುನಡುವೆ ಕಾರು ಓಡಿಸುತ್ತಲೇ ಇದ್ದರು, ಹಗಲು ಮಾತ್ರ. ಮಳೆಯಲ್ಲಿ ಮದುವೆ ಕಡಿಮೆ, ಆದರೆ ಫೋಟೊದವರಿಗೆ ಮಳೆಯೇ ಬೇಕು. ಘಟ್ಟದ ಮೇಲಿನ ಒಂದು ಜೋಡಿಯನ್ನು ಮರವಂತೆಯ ಬೀಚಿನಲ್ಲಿ ಕಾರಿನೊಳಗೆ ಕೂರಿಸಿ ಫೋಟೊ ತೆಗೆದರು. ಗಾಜಿನ ಮಬ್ಬನ್ನು ನೋಡಿ ಇವರು ಬೈಯುತ್ತಾರೆ ಎಂದು ಭಾವ ಹೆದರಿದ್ದರೆ, ಫೋಟೊದವನು ಹೀಗೇ ಇರಲಿ, ಒರೆಸಬೇಡಿ, ಕನಸಿನ ಹಾಗೆ ಕಾಣುತ್ತದೆ ಎಂದುಬಿಟ್ಟ. ಹುಡುಗಿ ಮಾತ್ರ ಉದ್ದಕ್ಕೂ ಕರ್ಚೀಪನ್ನು ಮೂಗಿಗೆ ಹಿಡಿದುಕೊಂಡೇ ಇದ್ದಳು. ಘಟ್ಟ ಇಳಿದು ಬಂದದ್ದಲ್ಲವಾ, ತಲೆ ತಿರುಗಿರಬೇಕು ಪಾಪ ಎಂದು ಭಾವ ಅವಳಿಗೆ ಎಳನೀರು ಕೊಡಿಸಿದರು.

ಇನ್ನೊಂದು ಸಲ ಅಮಾಸೆಬೈಲಿಗೆ ಒಂದು ನಿಶ್ಚಿತಾರ್ಥಕ್ಕೆ ಹೋದಾಗ ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಮಂಜು. ತಿರುವಿಗೊಮ್ಮೆ ನಾನು ಗಾಜು ಒರೆಸುವುದು, ಅವರು ಮುಂದಕ್ಕೆ ಬಾಗಿ ನೋಡುವುದು. ಊರು ಮುಟ್ಟುವಷ್ಟರಲ್ಲಿ ಇಬ್ಬರ ಕುತ್ತಿಗೆಯೂ ಹಿಡಿದಿತ್ತು. ಅಲ್ಲಿ ಅಂಗಳದಲ್ಲಿ ನಿಂತಾಗ ಎದುರಿಗೆ ಬಂದವರನ್ನು ಭಾವ ಅವರು ಬಾಯಿ ಬಿಟ್ಟ ಮೇಲೇ ಗುರುತಿಸುತ್ತಿದ್ದರು. ದನಿ ಕೇಳಿದ ಕೂಡಲೇ ಓಹೋ ಎಂದು ಕೈ ಹಿಡಿಯುತ್ತಿದ್ದರು. ಅದನ್ನು ನಾನು ನೋಡಿದೆ. ಎಲ್ಲರೂ ಕೊಡೆಯ ಕೆಳಗಿದ್ದರು, ಮುಖ ಕತ್ತಲಾಗಿತ್ತು, ಅದಕ್ಕೇ ಇರಬೇಕು ಎಂದುಕೊಂಡೆ. ಬರುವಾಗ ದಾರಿಯಲ್ಲಿ ಅವರು, ಇದೊಂದು ಗಾಜು ಸರಿಯಾಗಿಬಿಟ್ಟರೆ ಇನ್ನೂ ಹತ್ತು ವರ್ಷ ಓಡಿಸುತ್ತೇನೆ ಎಂದರು. ಆಗಲಿ ಎಂದೆ.

ಆಗಸ್ಟ್ ಸೆಪ್ಟೆಂಬರಿನ ಸೋಣ ತಿಂಗಳು ಕಳೆದು, ಮಳೆ ಬಿಸಿಲು ಒಂದಾದ ಮೇಲೊಂದು ಬರುವ ದಿನಗಳಲ್ಲಿ ಅಕ್ಕ ವಾಪಸು ಬಂದಳು. ಮಧ್ಯಾಹ್ನದ ರೈಲು. ಬೈಂದೂರು ಸ್ಟೇಷನ್ನಿನ ಹೊರಗೆ ಕಾರು ಬಿಸಿಲಲ್ಲಿ ನಿಂತು ಒಲೆಯ ಹಾಗೆ ಕಾದಿತ್ತು. ಭಾವ ಚೀಲಗಳನ್ನು ಡಿಕ್ಕಿಗೆ ಹಾಕಿದರು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಎಳೆದುಕೊಂಡವಳು ಅದೇ ಉಸಿರಿಗೆ ಬಾಗಿಲು ತೆಗೆದು ಕೆಳಗಿಳಿದಳು.

"ಎಂತ ವಾಸ್ನಿ ಇದ್? ಕಾರಂಗೆ ದೋಣಿ ಹೊತ್ಕ ಬಂದಿರ್ಯಾ?"

ಭಾವ ಮೂಗು ಎಳೆದರು. ನಾನೂ ಎಳೆದೆ. ಇಬ್ಬರಿಗೂ ಏನೂ ಬರಲಿಲ್ಲ. ಮೀನು ತಂದದ್ದಿಲ್ಲವಲ್ಲ ಎಂದು ಭಾವ ಹೇಳಿದರು.

"ಮೀನಲ್ಲ," ಎಂದಳು ಅಕ್ಕ. "ಮೀನೆಣ್ಣಿ."

"ಓ, ಅದಾ? ಮಳಿಗ್ ಮುಂಚೆ ತಳಕ್ಕೆ ಎರಡ್ ಕೈ ಕೊಟ್ಟಿದ್ದೆ," ಎಂದರು ಭಾವ. "ಕೊಡುದಲ್ದಾ?"

ನಾನು ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆದದ್ದು ಇಷ್ಟು. ಉಪ್ಪುಗಾಳಿಗೆ ಕಾರಿನ ತಳದ ತಗಡು ತಿಂದುಹೋಗಿತ್ತು. ಅಕ್ಕ ಮುಂಬಯಿಗೆ ಹೋದ ಮೇಲೆ ಭಾವ ಹೊಸ ತಗಡು ಹಾಕಿಸಿ ಬೆಸುಗೆ ಮಾಡಿಸಿದ್ದರು. ಕಡಲ ಬದಿಯಲ್ಲಿ ಮಳೆಗೆ ಮೊದಲು ದೋಣಿಯನ್ನು ದಂಡೆಗೆ ಎಳೆದು, ಕೌಚಿ ಹಾಕಿ, ಮೀನಿನ ಎಣ್ಣೆ ಬಳಿಯುವುದು ಅಜ್ಜನ ಕಾಲದಿಂದ ಬಂದದ್ದು. ಎಣ್ಣೆ ಕುಡಿದ ಹಲಗೆಗೆ ನೀರು ಇಳಿಯುವುದಿಲ್ಲ. ಕಡಲಿಗೆ ಒಗ್ಗದ ಮನುಷ್ಯ ಕಡಲವರ ಈ ಒಂದು ಬುದ್ಧಿಯನ್ನು ಬಿಟ್ಟಿರಲಿಲ್ಲ. ದಾಯಾದಿಯ ಮನೆಯಿಂದ ಒಂದು ಡಬ್ಬಿ ಎಣ್ಣೆ ತಂದು, ಕಾರಿನ ಒಳಗಿನ ತಳಕ್ಕೂ, ಬಾಗಿಲಿನ ಹೊಟ್ಟೆಯೊಳಕ್ಕೂ ಧಾರಾಳವಾಗಿ ಬಳಿದು, ಮೇಲೆ ಹೊಸ ಮ್ಯಾಟು ಹಾಸಿ ಮುಚ್ಚಿದ್ದರು. ಬಿಸಿಲಲ್ಲಿ ಬಳಿದಿದ್ದರೆ ನಾಲ್ಕು ದಿನಕ್ಕೆ ಒಣಗುತ್ತಿತ್ತು. ಅಷ್ಟರೊಳಗೇ ಮಳೆ ಬಂತು. ಒಣಗದ ಎಣ್ಣೆ ಮ್ಯಾಟಿನ ಅಡಿಯಲ್ಲಿ ಹಾಗೇ ಕೂತು, ಮುಚ್ಚಿದ ಕಾರಿನೊಳಗಿನ ಸೆಖೆಗೇ ಆವಿಯಾಗಿ ಎದ್ದು, ತಣ್ಣಗಿನ ಗಾಜು ಸಿಕ್ಕಿದಲ್ಲಿ ಅಂಟಿಕೊಳ್ಳುತ್ತಿತ್ತು. ಒಲೆಯ ಮೇಲಿನ ಹಂಚಿಗೆ ಜಿಡ್ಡು ಹಿಡಿದ ಹಾಗೆ. ಗಾಜಿಗೆ ಹತ್ತಿದ ಮೇಲೆ ಅದು ಅರೆ ಒಣಗಿದ ವಾರ್ನಿಶ್ ಇದ್ದ ಹಾಗೆ, ಸೋಪಿಗೆಲ್ಲ ಜಗ್ಗುವುದಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಭಾವನಿಗೆ ಆಶ್ಚರ್ಯ. ಮಳೆಗೆ ಮೊದಲು ಎಣ್ಣೆ ಬಳಿದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರಾ, ಬೆಳಿಗ್ಗೆ ಮುಖ ತೊಳೆದೆ ಎಂದು ಹೇಳಿದ ಹಾಗೆ? ನಮ್ಮಿಬ್ಬರ ಮೂಗಿಗೆ ಅದು ವಾಸನೆಯೇ ಅಲ್ಲ. ಅವರು ದೋಣಿಯ ಮನೆಯಲ್ಲಿ ಹುಟ್ಟಿದವರು, ನಾನು ಮೀನು ಮಾರಿದ ತಾಯಿಯ ಮಗ, ಮಾರ್ಕೆಟಿನ ಗಾಳಿಯಲ್ಲೇ ದಿನ ಕಳೆಯುವವ. ಸ್ಟ್ಯಾಂಡಿನವರೂ ಮೆಕ್ಯಾನಿಕ್ಕನೂ ಇದೇ ದಂಡೆಯವರು. ಬ್ರಹ್ಮಾವರದವರ ಮೂಗಿನ ತುಂಬ ಗಮ್ಮು. ಅಕ್ಕನ ಮೂಗು ಮಾತ್ರ ಬಾಣಂತಿಯ ಕೋಣೆಯ ಸಾಂಬ್ರಾಣಿಯಲ್ಲಿ ಇಷ್ಟು ತಿಂಗಳು ಕಳೆದು ಹೊಸದಾಗಿ ಬಂದಿತ್ತು.

ಮರುದಿನದಿಂದ ಕಾರನ್ನು ಅಂಗಳದಲ್ಲಿ ಬಿಚ್ಚಿ ಹಾಕಿದೆವು. ಮ್ಯಾಟು ಎತ್ತಿದರೆ ಅಡಿಯಲ್ಲಿ ಬೆಲ್ಲದ ಪಾಕದಂಥ ಎಣ್ಣೆ. ಮರದ ಹುಡಿ ಚೆಲ್ಲಿ, ಕೆರೆದು, ಅಂಟುವಾಳದ ನೊರೆಯಲ್ಲಿ ಅಕ್ಕ ಉಜ್ಜಿದಳು. ಬಾಗಿಲಿನ ಹಲಗೆ ಬಿಚ್ಚಿ ಭಾವ ಒರೆಸಿದರು. ನಾನು ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು ಗಾಜು ಹಿಡಿದೆ. ಸ್ಪಿರಿಟ್ ತಾಗಿದಲ್ಲಿ ಪಸೆ ಹಳದಿಯಾಗಿ ಬಟ್ಟೆಗೆ ಬಂತು. ಅಷ್ಟು ದಿನ ಅಲ್ಲಿಂದಿಲ್ಲಿಗೆ ಓಡಾಡಿದ್ದು ಈಗ ಸುಮ್ಮನೆ ಎದ್ದು ಬಂತು. ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟೆವು. ಪಕ್ಕದ ಮನೆಯ ಬೆಕ್ಕುಗಳೆಲ್ಲ ಒಳಗೆ ಹೋಗಿ ಬಂದವು. ಒಂದು ವಾರ ಕಳೆದರೂ ಗಾಜಿಗೆ ಏನೂ ಹತ್ತಲಿಲ್ಲ. ಬೆರಳು ಎಳೆದರೆ ಕಿರ್ ಎನ್ನುತ್ತಿತ್ತು. ಗಾಜು ಎಂದರೆ ಹೀಗಿರಬೇಕು, ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು. ನನ್ನ ಜನ್ಮದಲ್ಲಿ ನಾನು ಅಷ್ಟು ಚೊಕ್ಕ ಒರೆಸಿದ ಗಾಜು ಬೇರೊಂದಿಲ್ಲ.

ವಾರ ತುಂಬಿದ ಸಂಜೆ ಭಾವ ಬಿಳಿ ಶರ್ಟು ಹಾಕಿಕೊಂಡರು. ಸುಮ್ಮನೆ ಒಂದು ಸುತ್ತು, ಕುಂದಾಪುರದವರೆಗೆ ಹೋಗಿ ಬರುವುದು, ನಿನ್ನನ್ನೂ ಮನೆಗೆ ಬಿಟ್ಟ ಹಾಗಾಯಿತು ಎಂದರು. ನಾನು ಮುಂದೆ ಕೂತೆ, ಅಕ್ಕ ಹಿಂದೆ. ಸೂರ್ಯ ಮುಳುಗಿ ಸ್ವಲ್ಪವೇ ಹೊತ್ತಾಗಿತ್ತು. ಬಲಕ್ಕೆ ಕಡಲಿನ ಮೇಲೆ ಇನ್ನೂ ಬೆಳಕು, ಎಡಕ್ಕೆ ಹೊಳೆ ಕಪ್ಪಾಗುತ್ತಿತ್ತು, ನಡುವೆ ರಸ್ತೆ. ಎದುರಿನ ಲಾರಿಗಳೆಲ್ಲ ದೀಪ ಹಾಕಿಕೊಂಡು ಬರುತ್ತಿದ್ದವು. ನನಗೆ ಪ್ರತಿ ದೀಪವೂ ಅದರದರ ಜಾಗದಲ್ಲಿ, ಸುಲಿದ ಕಾಳಿನ ಹಾಗೆ ದುಂಡಗೆ ಕಾಣುತ್ತಿತ್ತು. ಎಷ್ಟು ಲಾಯ್ಕಾಗಿದೆ ಎಂದು ಹೇಳಲು ಬಾಯಿ ತೆರೆದೆ.

ಭಾವ ಕಾರಿನ ವೇಗ ತಗ್ಗಿಸುತ್ತ ಬಂದರು. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ದಾಟಿ ಹೋದರು. ಇನ್ನೂ ತಗ್ಗಿಸಿ, ರಸ್ತೆಯ ಬದಿಗೆ ತಂದು ನಿಲ್ಲಿಸಿದರು.

"ಭಾವ, ಗಾಜ್ ಇವತ್ ಒರ್ಸಿದ್ಯಾ?"

ಒರೆಸಿದ್ದೇನೆ ಎಂದೆ.

"ಒಳ್ಗಾ, ಹೊರ್ಗಾ?"

ಎರಡೂ ಬದಿ ಎಂದೆ.

ಅವರು ಕೈ ಮುಂದೆ ಚಾಚಿ ಗಾಜಿನ ಮೇಲೆ ಬೆರಳು ಎಳೆದರು. ಕಿರ್ ಎಂದಿತು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. ಏನೂ ಇರಲಿಲ್ಲ. ಇನ್ನೊಂದು ಲಾರಿ ಬಂತು. ಅದರ ಬೆಳಕು ಅವರ ಮುಖದ ಮೇಲೆ ಹಾದುಹೋಗುವವರೆಗೆ ಅವರು ಅದನ್ನೇ ನೋಡುತ್ತಿದ್ದರು.

"ನಂಗ್ ಈಗ್ಳೂ ಹಾಂಗೇ ಕಾಂತಿತ್," ಎಂದರು.

ಹಿಂದಿನ ಸೀಟಿನಲ್ಲಿ ಅಕ್ಕ ಮುಂದಕ್ಕೆ ಸರಿದು ಕೂತದ್ದು ರೆಕ್ಸಿನ್ನಿನ ಸದ್ದಿನಲ್ಲಿ ಗೊತ್ತಾಯಿತು. ಭಾವ ಎಂಜಿನ್ ಆರಿಸದೆ ಬಾಗಿಲು ತೆಗೆದು ಇಳಿದರು. ಕಾರಿನ ಮುಂದಿನಿಂದ, ತನ್ನದೇ ದೀಪದ ಬೆಳಕಿನಲ್ಲಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಸುತ್ತಿ ಬಂದು ನನ್ನ ಬಾಗಿಲು ತೆರೆದು ನಿಂತರು.

ಉಡುಪಿಯ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು ಆಮೇಲಿನ ಮಾತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೋತಿದೆ, ಇದು ವರ್ಷಗಳಿಂದ ಸದ್ದಿಲ್ಲದೆ ನಡೆದದ್ದು, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು ಎಂದು ಅವರು ಹೇಳಿದರು. ದಿನಕ್ಕೆರಡು ಸಲ ಅಕ್ಕ ಹನಿ ಹಾಕುತ್ತಾಳೆ. ಮದುವೆಗಳಿಗೆ ಬೇರೊಬ್ಬರು ಕಾರು ಬಿಡುತ್ತಾರೆ, ಭಾವ ಬಿಳಿ ಶರ್ಟು ಹಾಕಿಕೊಂಡು ಜೊತೆಗೆ ಹೋಗುತ್ತಾರೆ.

ಆದರೆ ಆ ಸಂಜೆ ಅಷ್ಟೆಲ್ಲ ಯಾರಿಗೂ ಗೊತ್ತಿರಲಿಲ್ಲ. ನಾನು ಇಳಿದೆ, ಅವರು ನನ್ನ ಜಾಗದಲ್ಲಿ ಕೂತರು. ಸ್ಟೇರಿಂಗಿಗೆ ಅಂಟಿಕೊಂಡ ಗೇರು ನನಗೆ ರೂಢಿಯಿಲ್ಲ, ಹುಡುಕಿ ಹುಡುಕಿ ಹಾಕಿ ಹೊರಟೆ. ಕಡಲಿನ ಮೇಲಿನ ಬೆಳಕೂ ಹೋಯಿತು. ಭಾವ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಕಡೆಗಲ್ಲ, ಸ್ವಲ್ಪ ಓರೆಯಾಗಿ, ಎಂಜಿನ್ನಿನ ಕಡೆಗೆ ಕಿವಿ ಕೊಟ್ಟು ಕೂತಿದ್ದರು. ತ್ರಾಸಿ ಹತ್ತಿರ ಬಂದಿರಬೇಕು.

"ಗೇರ್ ಬದ್ಲ್ಸ್, ಭಾವ," ಎಂದರು. "ಅದ್ ಅಳ್ತಿತ್, ಕಾಣ್."